ಅಳತೆಯ ಅಂತರ ಮತ್ತು ಗಡಿಯಾರ: ಕೊಲಾಬಾ ಕಲಿಸಿದ ಪಾಠ



ಮುಂಬಯಿಯ ಅಪೋಲೋ ಬಂದರಿನಲ್ಲಿ ಸಮುದ್ರದ ನೀರು ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಉಬ್ಬಿ ಇಳಿಯುತ್ತದೆ. ಒಬ್ಬನು ಪ್ರತಿದಿನವೂ ಬೆಳಿಗ್ಗೆ 8 ಗಂಟೆಗೆ ಮಾತ್ರ ಅಲ್ಲಿಗೆ ಹೋಗಿ ನೀರಿನ ಮಟ್ಟವನ್ನು ಬರೆದಿಟ್ಟನೆನ್ನೋಣ. ಅವನ ಪುಸ್ತಕದಲ್ಲಿ ಸಮುದ್ರವು ಸುಮಾರು 15 ದಿನಗಳಿಗೊಮ್ಮೆ ನಿಧಾನವಾಗಿ ಏರಿಳಿಯುವಂತೆ ಕಾಣುತ್ತದೆ. ಬರೆದ ಪ್ರತಿಯೊಂದು ಅಂಕಿಯೂ ಸತ್ಯ; ಅವುಗಳಿಂದ ಮೂಡಿದ ಚಿತ್ರ ಮಾತ್ರ ಸುಳ್ಳು.

ಯಾವುದೇ ಏರಿಳಿತವನ್ನು ತಪ್ಪಿಲ್ಲದೆ ಗುರುತಿಸಬೇಕಾದರೆ, ಅದರ ಒಂದು ಸುತ್ತು ಮುಗಿಯುವುದರೊಳಗೆ ಎರಡಕ್ಕಿಂತ ಹೆಚ್ಚು ಬಾರಿ ಅಳೆಯಬೇಕು. ನೈಕ್ವಿಸ್ಟ್ ಮತ್ತು ಶ್ಯಾನನ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ಈ ನಿಯಮವೇ ಇಂದಿನ ಅಂಕೀಯ ಮಾಪನಕ್ಕೆಲ್ಲ ತಳಹದಿ.

ಇದರ ಮಹತ್ವವನ್ನು ತೋರಿಸುವ ಘಟನೆಯೊಂದು ಮುಂಬಯಿಯಲ್ಲಿಯೇ ನಡೆದಿದೆ. ಹಡಗುಗಳಿಗೆ ನಿಖರವಾದ ಕಾಲವನ್ನು ಒದಗಿಸುವ ಉದ್ದೇಶದಿಂದ 1826ರಲ್ಲಿ ಕೊಲಾಬಾ ವೀಕ್ಷಣಾಲಯವು ಸ್ಥಾಪನೆಯಾಯಿತು. 1841ರಲ್ಲಿ ಅಲ್ಲಿ ಭೂಮಿಯ ಕಾಂತಕ್ಷೇತ್ರದ ಮಾಪನ ಆರಂಭವಾಯಿತು. ವೀಕ್ಷಕರು ಗಂಟೆಗೊಮ್ಮೆ ಉಪಕರಣವನ್ನು ಕಣ್ಣಿನಿಂದ ನೋಡಿ ಅಂಕಿಗಳನ್ನು ಬರೆಯುತ್ತಿದ್ದರು. ಕ್ಷೋಭೆ ಕಂಡುಬಂದಾಗ 15 ನಿಮಿಷಗಳಿಗೊಮ್ಮೆ, ಕೆಲವೊಮ್ಮೆ 5 ನಿಮಿಷಗಳಿಗೊಮ್ಮೆ ನೋಡುತ್ತಿದ್ದರು.

1859ರ ಸೆಪ್ಟೆಂಬರ್ 2ರಂದು ಸೂರ್ಯನಿಂದ ಬಂದ ಮಹಾ ಕಾಂತೀಯ ಬಿರುಗಾಳಿ ಭೂಮಿಯನ್ನು ಅಪ್ಪಳಿಸಿತು. ಕೊಲಾಬಾದ ದಾಖಲೆಯಲ್ಲಿ ಕಾಂತಕ್ಷೇತ್ರವು ಸುಮಾರು 1,600 ನ್ಯಾನೋಟೆಸ್ಲಾಗಳಷ್ಟು ಕುಸಿದು, ಬೇಗನೆ ಮೇಲೇರಿತು. ಅದೇ ಅಂಕಿಗಳಿಗೆ ಗಂಟೆಯ ಸರಾಸರಿ ತೆಗೆದರೆ ಕುಸಿತವು ಸುಮಾರು ಅರ್ಧಕ್ಕೆ ಇಳಿದುಬಿಡುತ್ತದೆ. ಅಂದಿನ ವೀಕ್ಷಕರು ಅಳತೆಯ ಅಂತರವನ್ನು ಕಿರಿದುಗೊಳಿಸದಿದ್ದರೆ ಆ ಬಿರುಗಾಳಿಯ ನಿಜವಾದ ಆಳ ನಮಗೆ ತಿಳಿಯುತ್ತಲೇ ಇರಲಿಲ್ಲ.

ನಗರಕ್ಕೆ ವಿದ್ಯುತ್ ಟ್ರಾಮ್ ಬರಲಿದ್ದುದರಿಂದ, ಅದರ ಕಾಂತೀಯ ಬಾಧೆಯನ್ನು ತಪ್ಪಿಸಲು 1904ರಲ್ಲಿ ಅಲಿಬಾಗ್‌ನಲ್ಲಿ ಹೊಸ ವೀಕ್ಷಣಾಲಯವನ್ನು ಆರಂಭಿಸಲಾಯಿತು. ಅದನ್ನು ಇಂದು ಭಾರತೀಯ ಭೂಕಾಂತತ್ವ ಸಂಸ್ಥೆಯು ನಡೆಸುತ್ತಿದೆ. ಮನುಷ್ಯನ ಕಣ್ಣಿನ ಸ್ಥಾನವನ್ನು ಈಗ ಅಂಕೀಯ ಉಪಕರಣಗಳು ಪಡೆದಿವೆ. ನಿಮಿಷಕ್ಕೊಮ್ಮೆ ಅಥವಾ ಸೆಕೆಂಡಿಗೊಮ್ಮೆ ಅಳೆಯುವುದು ಈ ಉಪಕರಣಗಳಿಗೆ ಸುಲಭ. ಆದರೆ ವೇಗವೊಂದೇ ಸಾಲದು. ಅಳತೆಯ ವೇಗಕ್ಕೆ ಸಿಗದ ಕ್ಷಿಪ್ರ ಕಂಪನಗಳನ್ನು ಮೊದಲೇ ಶೋಧಿಸಿ ತೆಗೆಯಬೇಕು. ಇಲ್ಲವಾದರೆ ಅವು ಬಂದರಿನ ಆ 15 ದಿನಗಳ ಸುಳ್ಳು ಉಬ್ಬರದಂತೆ ವೇಷ ಮರೆಸಿಕೊಂಡು ದತ್ತಾಂಶದೊಳಗೆ ಸೇರುತ್ತವೆ.

ಎರಡನೆಯ ಅಗತ್ಯವೆಂದರೆ ನಂಬಿಕೆಗೆ ಅರ್ಹವಾದ ಗಡಿಯಾರ. ಉಪಕರಣದೊಳಗಿನ ಸ್ಫಟಿಕ ಗಡಿಯಾರವು ಒಂದು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದಿನಕ್ಕೆ 0.86 ಸೆಕೆಂಡು, ತಿಂಗಳಿಗೆ ಸುಮಾರು 26 ಸೆಕೆಂಡುಗಳ ವ್ಯತ್ಯಾಸವಾಗುತ್ತದೆ. ಕಾಂತೀಯ ಬಿರುಗಾಳಿಯ ಮೊದಲ ಹೊಡೆತವಾದರೋ ಸುಮಾರು ಒಂದು ನಿಮಿಷದೊಳಗೆ ಭೂಮಂಡಲದ ಎಲ್ಲೆಡೆಯೂ ಕಾಣಿಸಿಕೊಳ್ಳುತ್ತದೆ. ಹೀಗಿರುವಾಗ 26 ಸೆಕೆಂಡುಗಳ ತಪ್ಪಿದ್ದರೆ, ಹೊಡೆತವು ಮೊದಲು ತಗುಲಿದ್ದು ಯಾವ ಕೇಂದ್ರಕ್ಕೆ ಎಂಬ ನಿರ್ಣಯವೇ ತಲೆಕೆಳಗಾಗಬಹುದು. ಆದಕಾರಣ ಸ್ಫಟಿಕ ಗಡಿಯಾರವನ್ನು ಉಪಗ್ರಹಗಳ ಪರಮಾಣು ಗಡಿಯಾರದ ಸಂಕೇತದೊಂದಿಗೆ ಮತ್ತೆ ಮತ್ತೆ ಹೊಂದಿಸುತ್ತಾರೆ. ಒಂದೇ ಕೇಂದ್ರದ ಎಲ್ಲ ಮಾಪಕಗಳೂ ಒಂದೇ ಗಡಿಯಾರವನ್ನು ಅನುಸರಿಸುವುದೂ ಅಷ್ಟೇ ಮುಖ್ಯ.

ಇದು ವಿಜ್ಞಾನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. 1989ರ ಮಾರ್ಚ್ 13ರಂದು ಕಾಂತೀಯ ಬಿರುಗಾಳಿಯೊಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲವನ್ನು ಸುಮಾರು 90 ಸೆಕೆಂಡುಗಳಲ್ಲಿ ಕೆಡವಿತು. ಸುಮಾರು 60 ಲಕ್ಷ ಜನರು 9 ಗಂಟೆಗಳ ಕಾಲ ಕತ್ತಲಲ್ಲಿ ಉಳಿದರು. ಗಂಟೆಗೊಮ್ಮೆ ನೋಡುವ ಕಣ್ಣಿಗೆ ಅಂತಹ 90 ಸೆಕೆಂಡುಗಳು ಕಾಣುವುದೇ ಇಲ್ಲ. ವಿದ್ಯುಚ್ಛಕ್ತಿಯನ್ನೇ ನಂಬಿದ ಮುಂಬಯಿಯಂತಹ ಮಹಾನಗರಕ್ಕೆ ಈ ಎಚ್ಚರಿಕೆ ಅವಶ್ಯ.

ಎಷ್ಟು ಬಾರಿ ಅಳೆಯಬೇಕು, ಯಾವ ಗಡಿಯಾರವನ್ನು ನಂಬಿ ಅಳೆಯಬೇಕು ಎಂಬುದನ್ನು ಅಳೆಯುವ ಮೊದಲೇ ನಿರ್ಧರಿಸಬೇಕು. ಕೈತಪ್ಪಿದ ಕ್ಷಣವನ್ನು ಯಾವ ಗಣಕಯಂತ್ರವೂ ಮರಳಿ ತಂದುಕೊಡಲಾರದು. ಕೊಲಾಬಾದ ಆ ಹಳೆಯ ಪುಟಗಳು ನಮಗೆ ಕಲಿಸುವ ಪಾಠ ಇದೇ.