ಮುಂದೆ ಓಡುವ ಮಗುವೂ ನಮ್ಮ ಸರ್ಕಾರಿ ಶಾಲೆಯೂ
(ಶತಮಾನೋತ್ಸವದ ಅಂಗವಾಗಿ ನಡೆದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶಾಲೆಯ ಮಾತು ಬಂದಾಗಲೆಲ್ಲ ನಾವು ಹಿಂದುಳಿದ ಮಗುವಿನ ಚಿಂತೆಯನ್ನೇ ಮೊದಲು ಮಾಡುತ್ತೇವೆ. ಅದು ನ್ಯಾಯವೇ ಸರಿ. ಆದರೆ ಅದೇ ಕೊಠಡಿಯಲ್ಲಿ ಇನ್ನೊಂದು ಮಗುವೂ ಇದೆ. ಶಿಕ್ಷಕರು ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಕಂಡುಕೊಂಡು, ಉಳಿದ ಹೊತ್ತನ್ನು ಕಿಟಕಿಯಾಚೆ ನೋಡುತ್ತ ಕಳೆಯುವ ಮಗು ಅದು. ಅದಕ್ಕೆ ಯಾರ ನೆರವೂ ಬೇಡವೆಂದು ನಾವು ಭಾವಿಸಿಕೊಂಡಿದ್ದೇವೆ. ಈ ಭಾವನೆ ತಪ್ಪೆಂಬುದೇ ಇಂದಿನ ನಮ್ಮ ಮಾತಿನ ಸಾರ.

ಪ್ರತಿಭಾವಂತ ಮಗುವೆಂದರೆ ಅಂದವಾದ ಅಕ್ಷರ, ವಿಧೇಯತೆ, ನೂರಕ್ಕೆ ನೂರು ಅಂಕ ಎಂದು ತಿಳಿಯುವುದು ವಾಡಿಕೆ. ವಾಸ್ತವದಲ್ಲಿ ಅಂಥ ಮಗು ಅನೇಕ ವೇಳೆ ಪ್ರಶ್ನೆಗಳನ್ನು ಕೇಳಿ ಹಿರಿಯರಿಗೆ ಬೇಸರ ತರಿಸುತ್ತದೆ. ಗೊತ್ತಿರುವುದನ್ನೇ ಹತ್ತು ಸಲ ಬರೆಯೆಂದರೆ ಬರೆಯಲೊಲ್ಲದೆ ತುಂಟನೆಂಬ ಹೆಸರು ಪಡೆಯುತ್ತದೆ. ಹೆಣ್ಣುಮಗುವಾದರೆ ಪಾಡು ಬೇರೆ. ತನ್ನ ಪಾಠ ಬೇಗ ಮುಗಿಸಿದ ತಪ್ಪಿಗೆ, ಚಿಕ್ಕ ತರಗತಿಯ ಮಕ್ಕಳನ್ನು ಸುಮ್ಮನಿರಿಸುವ ಕೆಲಸ ಅವಳ ಪಾಲಿಗೆ ಬರುತ್ತದೆ. ವರ್ಷಗಳು ಹೀಗೆಯೇ ಸಂದರೆ ಶ್ರಮಪಟ್ಟು ಕಲಿಯುವ ಅಭ್ಯಾಸವೇ ಆ ಮಗುವಿಗೆ ಬಾರದು. ಮುಂದೆ ಪ್ರೌಢಶಾಲೆಯಲ್ಲಿ ನಿಜವಾಗಿ ಕಠಿಣವಾದ ಪಾಠ ಎದುರಾದಾಗ ಅದು ಕೈಚೆಲ್ಲಿ ಕೂರುವ ಸಂಭವವುಂಟು.

ಇದಕ್ಕೆ ಮದ್ದು ನಮ್ಮ ನಾಡಿನಲ್ಲಿಯೇ ಒಂದಿಷ್ಟು ಸಿದ್ಧವಾಗಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 'ನಲಿ-ಕಲಿ' ಪದ್ಧತಿ ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯಲ್ಲಿನ ಕಲಿಕಾಕ್ರಮವನ್ನು ಕಂಡುಬಂದ ಶಿಕ್ಷಕರು ಅದನ್ನು ತಮ್ಮ ಮಕ್ಕಳಿಗೆ ಹೊಂದಿಸಿಕೊಂಡರು. ಪಾಠಗಳನ್ನು ಮೈಲಿಗಲ್ಲುಗಳಾಗಿ ವಿಂಗಡಿಸಿ, ಗೋಡೆಯ ಮೇಲೆ ಕಲಿಕಾ ಏಣಿಯನ್ನು ತೂಗುಹಾಕಿ, ಮಗು ತಾನೇ ತನ್ನ ಕಾರ್ಡನ್ನು ಆರಿಸಿಕೊಳ್ಳುವ ಏರ್ಪಾಡು ಅದು. ನಾಲ್ಕು ದಿನ ಬಾರದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಏರುತ್ತದೆ. ಚುರುಕಾದ ಮಗು ಯಾರಿಗೂ ಕಾಯದೆ ಮೇಲಕ್ಕೆ ಹೋಗುತ್ತದೆ. ಮುಂದೆ ಈ ಪದ್ಧತಿಯನ್ನು ರಾಜ್ಯದಾದ್ಯಂತ ಕೆಳಗಿನ ತರಗತಿಗಳಿಗೆ ವಿಸ್ತರಿಸಲಾಯಿತು.

ಆದರೆ ಆ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯ ತರಗತಿಯಿಂದ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಐದನೆಯ ತರಗತಿಯಲ್ಲಿ ಜವಾಹರ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಯೇನೋ ಇದೆ. ಅದನ್ನು ಕನ್ನಡದಲ್ಲಿಯೂ ಬರೆಯಬಹುದು. ಶೇಕಡ 75ರಷ್ಟಾದರೂ ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೂ ಒಂದು ವಿದ್ಯಾಲಯದ ಆರನೆಯ ತರಗತಿಗೆ ಸೇರುವವರು ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಆಯ್ಕೆಯಾದ ಮಗುವನ್ನು ಹರಸಿ ಕಳುಹಿಸೋಣ. ಆಯ್ಕೆಯಾಗದೆ ಊರಿನಲ್ಲಿಯೇ ಉಳಿದ ಮಗುವಿನ ಗತಿಯೇನು? ಅದು ನಮ್ಮ ಹೊಣೆಯಲ್ಲವೇ?

ಈ ಹೊಣೆಗೆ ಹಣಕ್ಕಿಂತ ಗಮನವೇ ಹೆಚ್ಚು ಬೇಕು. ಹತ್ತು ಲೆಕ್ಕ ಮುಗಿಸಿದ ಮಗುವಿಗೆ ಅಂಥವೇ ಇನ್ನೂ ಹತ್ತನ್ನು ಕೊಡುವುದು ಶಿಕ್ಷೆಯಾದೀತು; ಯೋಚಿಸಬೇಕಾದ ಒಂದನ್ನು ಕೊಟ್ಟರೆ ಸಾಕು. ಗಣಿತದಲ್ಲಿ ಮುಂದಿರುವ ಮಗು ದಿನಕ್ಕೊಂದು ಗಂಟೆ ಮೇಲಿನ ತರಗತಿಯಲ್ಲಿ ಕುಳಿತರೆ ನಷ್ಟವಿಲ್ಲ. ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕಗಳು ಅದರ ಕೈಗೆ ಬರಲಿ. ಹಲವು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಿಕ್ಷಕರ ಮೇಲೆಯೇ ಇದೆಲ್ಲವನ್ನೂ ಹೊರಿಸುವುದು ಸಲ್ಲದು. ನಮ್ಮಲ್ಲಿರುವ ನಿವೃತ್ತ ಉಪಾಧ್ಯಾಯರೂ ಕಾಲೇಜು ಓದಿದ ಯುವಕ ಯುವತಿಯರೂ ವಾರಕ್ಕೊಂದು ಸಂಜೆಯನ್ನು ಮೀಸಲಿಡಬಹುದು. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಪೋಷಕರು ಸುಣ್ಣಬಣ್ಣದ ಜೊತೆಗೆ ಈ ಮಾತನ್ನೂ ಎತ್ತಬಹುದು. ತಾಯಿತಂದೆಯರು ಓದುವ ಮಗಳನ್ನು ತಮ್ಮಂದಿರನ್ನು ನೋಡಿಕೊಳ್ಳಲೆಂದು ಮನೆಯಲ್ಲಿ ನಿಲ್ಲಿಸದಿರಲಿ.

ಹಿಂದುಳಿದವನ ಕೈಹಿಡಿಯುವುದಕ್ಕೂ ಮುಂದೆ ಓಡುವವನಿಗೆ ದಾರಿ ಬಿಡುವುದಕ್ಕೂ ವಿರೋಧವಿಲ್ಲ. ಒಂದೇ ಏಣಿಯಲ್ಲಿ ಇಬ್ಬರಿಗೂ ಮೆಟ್ಟಿಲುಗಳಿವೆ. ಆ ಏಣಿಯನ್ನು ಮೂರನೆಯ ತರಗತಿಯ ಬಾಗಿಲಲ್ಲಿ ನಿಲ್ಲಗೊಡದೆ ಮುಂದಕ್ಕೆ ಒಯ್ಯೋಣ.