ಇಸುಬಿನ ಮೇಲಿನ ಹೊಂಬಣ್ಣ

ಇಸುಬು ಎದ್ದ ಮಗುವಿನ ಮೊಣಕೈ ಮಡಿಕೆಯನ್ನು ನೀವು ನೋಡಿರಬಹುದು. ಮೊದಲು ಚರ್ಮ ಒಣಗಿ ಒರಟಾಗುತ್ತದೆ, ಆಮೇಲೆ ಕೆಂಪೇರುತ್ತದೆ. ಮಗು ರಾತ್ರಿಯಿಡೀ ನಿದ್ದೆಗಣ್ಣಿನಲ್ಲೇ ಕೆರೆದುಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ಅಲ್ಲಿ ನೀರು ಜಿನುಗಿ, ಮೇಲೆ ಜೇನಿನ ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ವೈದ್ಯರು ಎಕ್ಜಿಮಾ ಎನ್ನುವ ಈ ಇಸುಬಿನಲ್ಲಿ ಅಂಥ ಹಕ್ಕಳೆ ಕಂಡರೆ, ಮೊದಲು ಅನುಮಾನ ಬರುವುದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಇವತ್ತು ಹೇಳುವುದು ಅದರ ಕತೆಯನ್ನೇ.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಶಸ್ತ್ರವೈದ್ಯರಿದ್ದರು. ಮನೆಯ ಹಿಂದೆಯೇ ಒಂದು ಪುಟ್ಟ ಪ್ರಯೋಗಶಾಲೆ ಮಾಡಿಕೊಂಡು, 1880ರ ಹೊತ್ತಿಗೆ ಅವರು ಕುರುವಿನ ಕೀವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಅದರಲ್ಲಿ ದುಂಡು ಕಾಳುಗಳು ಗೊಂಚಲುಗೊಂಚಲಾಗಿ ಕಂಡವು. ದ್ರಾಕ್ಷಿ ಗೊಂಚಲಿಗೆ ಗ್ರೀಕಿನಲ್ಲಿರುವ ಪದವನ್ನೇ ಹಿಡಿದು ಸ್ಟ್ಯಾಫಿಲೊಕಾಕಸ್ ಎಂದು ಹೆಸರಿಟ್ಟರು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಇದನ್ನು ಬೆಳೆಸಿದಾಗ ತಟ್ಟೆಯ ಮೇಲೆ ಹೊಂಬಣ್ಣ ಮೂಡಿತು. ಆರಿಯಸ್ ಎಂದರೆ ಬಂಗಾರದ್ದು.

1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ತಟ್ಟೆಗೆ ಬೂಷ್ಟು ಬಿದ್ದು ಪೆನಿಸಿಲಿನ್ ಸಿಕ್ಕಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಆ ತಟ್ಟೆಯಲ್ಲಿ ಬೆಳೆಯುತ್ತಿದ್ದದ್ದು ಇದೇ ಸ್ಟ್ಯಾಫಿಲೊಕಾಕಸ್. 1945ರ ನೊಬೆಲ್ ಭಾಷಣದಲ್ಲಿ ಫ್ಲೆಮಿಂಗ್ ಅವರೇ ಎಚ್ಚರಿಸಿದರು: ಸಾಲದಷ್ಟು ಮದ್ದು ಕೊಟ್ಟರೆ ಸೂಕ್ಷ್ಮಾಣು ಸಾಯುವುದಿಲ್ಲ, ಮದ್ದಿಗೆ ಒಗ್ಗಿಕೊಳ್ಳುತ್ತದೆ. ಆ ಮಾತು ನಿಜವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಲೆಕ್ಕ ಇಡುತ್ತಾ ಬಂದರು. 1946ರಲ್ಲಿ ಶೇಕಡ 14ರಷ್ಟು ಸ್ಟ್ಯಾಫಿಲೊಕಾಕಸ್ ತಳಿಗಳು ಪೆನಿಸಿಲಿನ್‌ಗೆ ಬಗ್ಗುತ್ತಿರಲಿಲ್ಲ. 1948ರ ಹೊತ್ತಿಗೆ ಅಂಥವು ಅರ್ಧಕ್ಕಿಂತ ಹೆಚ್ಚಾದವು. ಮದ್ದನ್ನೇ ಕತ್ತರಿಸಿ ಹಾಕುವ ಕಿಣ್ವ ಅವುಗಳಲ್ಲಿತ್ತು. ಆ ಕಿಣ್ವಕ್ಕೆ ಜಗ್ಗದ ಮೆಥಿಸಿಲಿನ್ 1960ರ ಆಸುಪಾಸಿನಲ್ಲಿ ಬಂತು. 1961ರಲ್ಲೇ ಪೆಟ್ರಿಷಿಯಾ ಜೆವನ್ಸ್ ಅದನ್ನೂ ಮೀರಿದ ತಳಿಗಳನ್ನು ವರದಿ ಮಾಡಿದರು. ಇಂದು ಆಸ್ಪತ್ರೆಗಳಲ್ಲಿ ಎಂಆರ್‌ಎಸ್‌ಎ ಎನ್ನುವುದು ಇವನ್ನೇ.

ಇಷ್ಟು ಬೇಗ ಹೇಗೆ? 2022ರಲ್ಲಿ ಪ್ರಕಟವಾದ ಒಂದು ಸಂಶೋಧನೆ ನನ್ನನ್ನು ಬೆರಗುಗೊಳಿಸಿತು. ಯೂರೋಪಿನಲ್ಲಿ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈಯ ಪ್ರಾಣಿಯಿದೆ. ಅದರ ಚರ್ಮದ ಮೇಲೆ ಬೆಳೆಯುವ ಒಂದು ಶಿಲೀಂಧ್ರ ತಾನೇ ಪೆನಿಸಿಲಿನ್ ತಯಾರಿಸುತ್ತದೆ. ಅದರ ಜೊತೆ ಬಾಳಬೇಕಾದ ಸ್ಟ್ಯಾಫಿಲೊಕಾಕಸ್‌ನ ಕೆಲವು ತಳಿಗಳು, ಮನುಷ್ಯ ಪೆನಿಸಿಲಿನ್ ಕಾಣುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಮೆಥಿಸಿಲಿನ್ ಜಾತಿಯ ಮದ್ದುಗಳನ್ನು ಎದುರಿಸುವ ಜೀನು ಪಡೆದಿದ್ದವು. ಒಂದು ಪ್ರಾಣಿಯ ತೊಗಲಿನ ಮೇಲೆಯೇ ಆ ಕಾಳಗ ನಡೆದುಹೋಗಿತ್ತು.

ಇನ್ನು ಇಸುಬಿಗೆ ಬರೋಣ. 1974ರಲ್ಲಿ ಅಮೆರಿಕದ ಲೇಡನ್, ಮಾರ್ಪಲ್ಸ್ ಮತ್ತು ಕ್ಲಿಗ್‌ಮನ್ ಎಂಬ ಮೂವರು ಇಸುಬಿನ ಹಳೆಯ ಗಾಯಗಳನ್ನು ಪರೀಕ್ಷಿಸಿದಾಗ ಶೇಕಡ 90ರಷ್ಟರಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿತು. ಆರೋಗ್ಯವಂತರ ಮೂಗಿನಲ್ಲಿ ಇದು ಇರುವುದುಂಟು, ಕೈಕಾಲಿನ ಚರ್ಮದ ಮೇಲೆ ಅಪರೂಪ. ಇಸುಬಿನವರ ಚರ್ಮದಲ್ಲೇ ಯಾಕೆ ಮನೆ ಮಾಡಿತು? ಉತ್ತರದ ದೊಡ್ಡ ಭಾಗ ಸಿಕ್ಕಿದ್ದು 2006ರಲ್ಲಿ, ಸ್ಕಾಟ್ಲೆಂಡಿನ ಡಂಡೀಯಿಂದ. ಚರ್ಮದ ಹೊರಪದರವನ್ನು ಬಿಗಿಯಾಗಿ ಕಟ್ಟುವ ಫಿಲಾಗ್ರಿನ್ ಎಂಬ ಪ್ರೋಟೀನು ಅನೇಕ ಇಸುಬಿನವರಲ್ಲಿ ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ಅದು ಕರಗಿ ಬಿಡುಗಡೆಯಾಗುವ ವಸ್ತುಗಳೇ ಚರ್ಮಕ್ಕೆ ತೇವ ಮತ್ತು ತುಸು ಹುಳಿಗುಣ ಕೊಡುವುದು. ಅದಿಲ್ಲದ ಚರ್ಮ ಗಾರೆ ಉದುರಿದ ಗೋಡೆಯ ಹಾಗೆ: ಒಳಗಿನ ನೀರು ಆರುತ್ತದೆ, ಹೊರಗಿನದು ನುಗ್ಗುತ್ತದೆ. 2023ರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಈ ಬ್ಯಾಕ್ಟೀರಿಯಾದ ಒಂದು ಕಿಣ್ವ ಚರ್ಮದ ನರವನ್ನೇ ಕೆಣಕಿ ತುರಿಕೆ ಎಬ್ಬಿಸುತ್ತದೆ. ಕೆರೆದಷ್ಟೂ ಗೋಡೆ ಒಡೆಯುತ್ತದೆ, ಒಡೆದಷ್ಟೂ ಅದಕ್ಕೆ ಜಾಗ.

ನಾವು ಮಾಡಿದ್ದೇನು? ಗೋಡೆ ಬಿಟ್ಟು ಕಳ್ಳನ ಬೆನ್ನು ಹತ್ತಿದೆವು. 1960ರ ದಶಕದಲ್ಲಿ ಫ್ಯೂಸಿಡಿಕ್ ಆಸಿಡ್, 80ರ ದಶಕದಲ್ಲಿ ಮ್ಯುಪಿರೋಸಿನ್ ಮುಲಾಮು ಬಂದವು. ಎರಡೂ ಒಳ್ಳೆಯ ಮದ್ದುಗಳೇ. ಆದರೆ ಇಸುಬು ವರ್ಷಗಟ್ಟಲೆ ಬಂದು ಹೋಗುವ ಕಾಯಿಲೆ. ಪ್ರತಿ ಸಲ ಟ್ಯೂಬು ಹಚ್ಚಿದರೆ ಉಳಿಯುವುದು ಮದ್ದಿಗೆ ಬಗ್ಗದ ತಳಿ. ನಮ್ಮ ಊರುಗಳಲ್ಲಂತೂ ಆ್ಯಂಟಿಬಯಾಟಿಕ್, ಸ್ಟೀರಾಯ್ಡ್, ಶಿಲೀಂಧ್ರದ ಮದ್ದು ಮೂರನ್ನೂ ಬೆರೆಸಿದ ಟ್ಯೂಬು ಚೀಟಿಯಿಲ್ಲದೆ ಕೈಗೆ ಬರುತ್ತದೆ. ನಾಲ್ಕು ದಿನ ಹಚ್ಚಿ, ತುರಿಕೆ ಅಡಗಿತೆಂದು ಬಿಟ್ಟು, ಮತ್ತೆ ಎದ್ದಾಗ ಹಿಂಡಿ ಉಳಿದದ್ದನ್ನು ಹಚ್ಚುತ್ತೇವೆ. ಫ್ಲೆಮಿಂಗ್ ಹೆದರಿದ್ದು ಇದಕ್ಕೇ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

2017ರಲ್ಲಿ ಬ್ರಿಟನ್ನಿನ ವೈದ್ಯರು ಒಂದು ಪ್ರಯೋಗದ ಫಲ ಪ್ರಕಟಿಸಿದರು. ಅದರಲ್ಲಿದ್ದವರು ಇಸುಬಿಗೆ ಸೌಮ್ಯವಾದ ಸೋಂಕು ತಗುಲಿದ ಮಕ್ಕಳು. ಎಲ್ಲರಿಗೂ ಸ್ಟೀರಾಯ್ಡ್ ಮುಲಾಮು, ತೇವ ಕಾಯುವ ಕ್ರೀಮು ಇದ್ದವು. ಕೆಲವರಿಗೆ ಮಾತ್ರ ಆ್ಯಂಟಿಬಯಾಟಿಕ್ ಸೇರಿಸಿದರು. ಸೇರಿಸಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಜ್ವರ ಬಂದ, ಸೋಂಕು ಹರಡುತ್ತಿರುವ ಮಗುವಿನ ಮಾತು ಬೇರೆ. ಅಲ್ಲಿ ತಡಮಾಡದೆ ವೈದ್ಯರ ಬಳಿ ಹೋಗಲೇಬೇಕು.

ಅದೇ ವರ್ಷ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ರಿಚರ್ಡ್ ಗ್ಯಾಲೋ ಅವರ ತಂಡ ಬೇರೆ ದಾರಿ ಹಿಡಿಯಿತು. ನಮ್ಮ ಚರ್ಮದಲ್ಲಿ ಕಾವಲು ಕಾಯುವ ಬ್ಯಾಕ್ಟೀರಿಯಾಗಳೂ ಇವೆ. ಅವು ಆರಿಯಸ್ಸನ್ನು ಕೊಲ್ಲುವ ವಸ್ತು ಸ್ರವಿಸುತ್ತವೆ. ರೋಗಿಯ ಮೈಯಿಂದಲೇ ಅಂಥವನ್ನು ಆಯ್ದು, ಬೆಳೆಸಿ, ಕ್ರೀಮಿನಲ್ಲಿ ಬೆರೆಸಿ ಅದೇ ರೋಗಿಯ ತೋಳಿಗೆ ಹಚ್ಚಿದರು. ಒಂದೇ ದಿನದಲ್ಲಿ ಆರಿಯಸ್ ಕಡಿಮೆಯಾಯಿತು.

ನಮ್ಮ ಮನೆಗಳಿಗೆ ಇನ್ನೂ ಹತ್ತಿರದ್ದು 2008ರಲ್ಲಿ ಫಿಲಿಪೀನ್ಸಿನ ವೈದ್ಯರು ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗ. ಇಸುಬಿದ್ದ 26 ಮಂದಿಗೆ ಶುದ್ಧ ತೆಂಗಿನೆಣ್ಣೆ ಕೊಟ್ಟು, ದಿನಕ್ಕೆ ಎರಡು ಹೊತ್ತು ಹಚ್ಚಿಕೊಳ್ಳಲು ಹೇಳಿದರು. ಶುರುವಿನಲ್ಲಿ 20 ಮಂದಿಯ ಚರ್ಮದಲ್ಲಿ ಆರಿಯಸ್ ಇತ್ತು. ನಾಲ್ಕು ವಾರ ಕಳೆದು ನೋಡಿದಾಗ ಉಳಿದಿದ್ದದ್ದು ಒಬ್ಬರಲ್ಲಿ.