ಮೂಲಾ ನಕ್ಷತ್ರ ಜಾಗ ಬಿಟ್ಟಿದೆಯೇ?

ನಕ್ಷತ್ರಗಳನ್ನು ಅಳೆದ ಗಯಾ ನೌಕೆಯ ಬಗ್ಗೆ ಹಿಂದೊಮ್ಮೆ ಇಲ್ಲಿ ಮಾತಾಡಿದ್ದೆ. ಅದಾದ ಮೇಲೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಬಂದ ಪತ್ರಗಳಲ್ಲಿ ಮತ್ತೆ ಮತ್ತೆ ಒಂದೇ ಪ್ರಶ್ನೆ. "ಸರ್, ನಕ್ಷತ್ರಗಳು ಜಾಗ ಬದಲಿಸ್ತಾ ಇದಾವೆ ಅಂದ್ರಿ. ಹಂಗಾದ್ರೆ ನಮ್ಮ ಹುಡುಗಿಯ ಜನ್ಮನಕ್ಷತ್ರದ ಗತಿ ಏನು?" ಹೀಗೆ ಕೇಳಿದವರಲ್ಲಿ ಹೆಚ್ಚಿನವರು ಮೂಲಾ ನಕ್ಷತ್ರದವರು. ಯಾಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು: ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ. ಮೂಲಾ ಅಲ್ಲಿಂದ ಕದಲಿದ್ದರೆ ಮಗಳಿಗೊಂದು ಸಂಬಂಧ ಕುದುರೀತು ಎಂಬ ಆಸೆ ಕೆಲವರಿಗೆ.

ಕದಲಿದೆ, ನಿಜ. ಎಷ್ಟು ಕದಲಿದೆ ಎನ್ನುವುದೇ ಇವತ್ತಿನ ವಿಷಯ.

ಪಂಚಾಂಗದವರ ಮೂಲಾ ಚಂದ್ರನ ದಾರಿಯ 27 ಪಾಲುಗಳಲ್ಲಿ ಒಂದು, 13 ಡಿಗ್ರಿ 20 ಕಲೆಯ ಒಂದು ತುಂಡು. ಅದು ಲೆಕ್ಕ. ಆಕಾಶದ ಮೂಲಾ ಬೇರೆ, ಅದು ವೃಶ್ಚಿಕದ ಬಾಲ. ಚೇಳಿನ ಕೊಂಡಿಯ ಹಾಗೆ ಬಾಗಿದ ಸಾಲು, ತುದಿಯಲ್ಲಿ ಒತ್ತೊತ್ತಾಗಿ ಎರಡು ಚುಕ್ಕೆ. ಬಾಲದ ಚುಕ್ಕೆಗಳೆಲ್ಲ ಒಂದೇ ಮನೆಯವರಂತೆ ಕಾಣುತ್ತವೆ, ಆದರೆ ಅಲ್ಲ. ಬಾಲ ಶುರುವಾಗುವಲ್ಲಿನ ಚುಕ್ಕೆ ನಮ್ಮಿಂದ ಸುಮಾರು 65 ಜ್ಯೋತಿರ್ವರ್ಷ ದೂರ. ತಿರುವಿನಲ್ಲಿರುವುದು ಸುಮಾರು 300. ಕೊಂಡಿಯಲ್ಲಿ ಎದ್ದು ಕಾಣುವ ಶೌಲಾ ಸುಮಾರು 570. ಇವತ್ತು ನಾವು ನೋಡುವ ಶೌಲಾದ ಬೆಳಕು ಅಲ್ಲಿಂದ ಹೊರಟಾಗ ಹಂಪಿಯಲ್ಲಿ ವಿಜಯನಗರದ ಅರಸರು ಆಳುತ್ತಿದ್ದರು. ಒಂದರ ಹಿಂದೊಂದು ಎಷ್ಟೋ ದೂರದಲ್ಲಿರುವ ಈ ಬೆಂಕಿಯುಂಡೆಗಳು ಸೇರಿ ಹರಪನಹಳ್ಳಿಯ ಒಬ್ಬ ಮಾವನ ಆಯುಷ್ಯ ನಿರ್ಧರಿಸುತ್ತವೆ ಎಂದರೆ ಏನು ಹೇಳಲಿ?

ನನ್ನ ತಮ್ಮನ ಮಗಳ ಸಂಬಂಧ ಹೀಗೇ ಮುರಿಯಿತು. ಹುಡುಗ ಹುಡುಗಿ ಒಪ್ಪಿದ್ದರು. ಜಾತಕ ನೋಡಿಸಿಕೊಂಡು ಬಂದ ಗಂಡಿನ ಕಡೆಯವರು "ಮೂಲಾ ಐತ್ರಿ, ಮಾವಗ ಆಗಿಬರಂಗಿಲ್ಲ" ಎಂದು ಎದ್ದು ಹೋದರು. ಆ ಮಾವ ಆಗಬೇಕಿದ್ದವರು ವರ್ಷಾ ವರ್ಷಾ ಕೊಟ್ಟೂರು ತೇರಿಗೆ ತಪ್ಪದೆ ಹೋಗುವ ಭಕ್ತರು. ಕೊಟ್ಟೂರೇಶ್ವರನ ತೇರು ಸಾಗುವುದು ಯಾವಾಗ? ಮೂಲಾ ನಕ್ಷತ್ರ ಕೂಡಿದಾಗ! ಜನಸಾಗರ ನೆರೆದು ಮೂಲಾ ಕೂಡಲಿ ಎಂದು ಕಾಯುತ್ತದೆ. ದೇವರಿಗೆ ಆಗಿಬರುವ ನಕ್ಷತ್ರ ಸೊಸೆಗೆ ಮಾತ್ರ ಆಗಿಬರುವುದಿಲ್ಲ. ಇರಲಿ, ಅಳತೆಗೆ ಬರುತ್ತೇನೆ.

ಹತ್ತಿರ ಹೋಗದೆ ದೂರ ಅಳೆಯುವುದು ಹೇಗೆ? ನಿಮ್ಮೂರ ಕೆರೆ ಏರಿಯ ಮೇಲೆ ನಿಲ್ಲಿ. ಆಚೆ ಹೊಲದಲ್ಲಿ ಒಂದು ಬೇವಿನ ಮರ, ಅದರ ಹಿಂದೆ ಬಹಳ ದೂರದಲ್ಲಿ ಗುಡ್ಡ. ಗುಡ್ಡದ ಮೇಲಿನ ಒಂದು ಬಂಡೆಗೆ ಮರ ಸರಿಯಾಗಿ ಅಡ್ಡ ಬರುವಂತೆ ನಿಂತುಕೊಳ್ಳಿ. ಈಗ ಏರಿಯ ಮೇಲೆ ಬಲಕ್ಕೆ ಇಪ್ಪತ್ತು ಹೆಜ್ಜೆ ನಡೆಯಿರಿ. ಮರ ಬಂಡೆಯ ಎಡಕ್ಕೆ ಸರಿದಿರುತ್ತದೆ. ನಡೆದದ್ದು ನೀವು, ಮರ ಅಲ್ಲ. ಕೈ ನೀಳವಾಗಿ ಚಾಚಿ ಹೆಬ್ಬೆರಳು ಎತ್ತಿ ನೋಡಿ. ಮರ ಸರಿದದ್ದು ಒಂದು ಹೆಬ್ಬೆರಳಿನ ಅಗಲವಾದರೆ, ನೀವು ನಡೆದದ್ದರ ಸುಮಾರು ಮೂವತ್ತು ಪಟ್ಟು ದೂರದಲ್ಲಿ ಅದು ಇದೆ. ಅಂದರೆ ಆರುನೂರು ಹೆಜ್ಜೆ. ಅರ್ಧ ಹೆಬ್ಬೆರಳಷ್ಟೇ ಸರಿದಿದ್ದರೆ ಸಾವಿರದ ಇನ್ನೂರು ಹೆಜ್ಜೆ. ಹತ್ತಿರದ್ದು ಹೆಚ್ಚು ಸರಿಯುತ್ತದೆ, ದೂರದ್ದು ಕಡಿಮೆ ಸರಿಯುತ್ತದೆ. ಇಷ್ಟೇ ವಿದ್ಯೆ. ಮೋಜಣಿಯವರಿಗೂ ಇದೇ, ಗಯಾಗೂ ಇದೇ.

ಆಕಾಶ ಅಳೆಯುವವರಿಗೆ ಭೂಮಿ ಸೂರ್ಯನನ್ನು ಸುತ್ತುವ ದಾರಿಯೇ ಕೆರೆ ಏರಿ. ಜನವರಿಯಿಂದ ಜುಲೈಗೆ ಬರುವಷ್ಟರಲ್ಲಿ ನಾವು 30 ಕೋಟಿ ಕಿಲೋಮೀಟರ್ ಆಚೆಗೆ ಬಂದಿರುತ್ತೇವೆ. ಅಷ್ಟು ದೂರ ಬಂದು ನೋಡಿದರೂ ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರ ಸರಿದಂತೆ ಕಾಣುವುದು ಎಷ್ಟು? ಒಂದು ಡಿಗ್ರಿಯನ್ನು 2,300 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅದಕ್ಕೇ 1838ರವರೆಗೂ ಯಾರಿಗೂ ಇದು ಸಿಕ್ಕಿರಲಿಲ್ಲ. ಆ ವರ್ಷ ಬೆಸೆಲ್ ಎಂಬ ಜರ್ಮನ್ ವಿಜ್ಞಾನಿ ಹಂಸ ಪುಂಜದ ಒಂದು ಮಂಕು ನಕ್ಷತ್ರದ ದೂರ ಹೇಳಿದರು.

ಇನ್ನೊಮ್ಮೆ ಹೇಳುತ್ತೇನೆ, ಪತ್ರ ಬರೆದವರೆಲ್ಲ ಎಡವಿರುವುದು ಇಲ್ಲೇ. ಸರಿಯುವುದರಲ್ಲಿ ಎರಡು ಬಗೆ. ವರ್ಷಕ್ಕೊಮ್ಮೆ ಅತ್ತಿತ್ತ ತೂಗಿ ಇದ್ದಲ್ಲಿಗೇ ಬರುತ್ತದಲ್ಲ, ಅದು ನಮ್ಮ ನಡಿಗೆ. ವರ್ಷ ವರ್ಷವೂ ಒಂದೇ ದಿಕ್ಕಿಗೆ ಹೋಗುತ್ತಲೇ ಇರುತ್ತದಲ್ಲ, ಅದು ನಕ್ಷತ್ರದ ನಡಿಗೆ. ಮೊದಲನೆಯದರಿಂದ ದೂರ ತಿಳಿಯುತ್ತದೆ, ಎರಡನೆಯದರಿಂದ ಅದರ ಪಯಣ. ಎರಡೂ ಬೆರೆತು ಬರುತ್ತವೆ. ಬಿಡಿಸಬೇಕಾದರೆ ವರ್ಷಗಟ್ಟಲೆ ಅದನ್ನೇ ಮತ್ತೆ ಮತ್ತೆ ನೋಡಬೇಕು. ಒಂದು ಸಲ ನೋಡಿ ಹೇಳುವ ಮಾತೇ ಇಲ್ಲ.

ಯುರೋಪಿನವರ ಗಯಾ ಮಾಡಿದ್ದು ಅದನ್ನೇ. 2013ರ ಡಿಸೆಂಬರ್ 19ರಂದು ಹಾರಿತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ, ನಮ್ಮ ಜೊತೆಜೊತೆಗೇ ಸೂರ್ಯನನ್ನು ಸುತ್ತುತ್ತ, ಆರು ಗಂಟೆಗೊಮ್ಮೆ ತನ್ನ ಸುತ್ತ ತಿರುಗುತ್ತ, ಎರಡು ದೂರದರ್ಶಕಗಳಿಂದ ಆಕಾಶವನ್ನು ಗುಡಿಸಿತು. 2022ರ ಪಟ್ಟಿಯಲ್ಲಿ 180 ಕೋಟಿಗೂ ಹೆಚ್ಚು ಚುಕ್ಕೆಗಳಿವೆ. ನೌಕೆ ಕಳಿಸಿದ ಅಂಕಿಗಳ ರಾಶಿಯನ್ನು ಸೋಸಿ ಪಟ್ಟಿ ಮಾಡಲು ಹಲವು ದೇಶಗಳ ಸುಮಾರು 450 ಜನ ಕೂತಿದ್ದಾರೆ. ನನಗೆ ಮೆಚ್ಚುಗೆಯಾದದ್ದು ಇದು: ಪಟ್ಟಿ ಸಿದ್ಧವಾದ ದಿನ ಅದು ಲೋಕಕ್ಕೆಲ್ಲ ಪುಕ್ಕಟೆ. ದುಡಿದವರಿಗೆ ಮೊದಲು, ಉಳಿದವರಿಗೆ ಆಮೇಲೆ ಎಂಬುದಿಲ್ಲ. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತ ಸಂಸ್ಥೆಯವರು ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹ ತೆಗೆದ ನಕ್ಷತ್ರಗುಂಪುಗಳ ಚಿತ್ರಗಳಲ್ಲಿ ಯಾವ ನಕ್ಷತ್ರ ನಿಜಕ್ಕೂ ಗುಂಪಿನದು, ಯಾವುದು ನಡುವೆ ಸುಮ್ಮನೆ ಅಡ್ಡ ಬಂದದ್ದು ಎಂದು ಬೇರ್ಪಡಿಸಿದ್ದು ಗಯಾ ಪಟ್ಟಿ ಇಟ್ಟುಕೊಂಡೇ.

ಆ ಸಂಸ್ಥೆಯ ಬೇರು ಇರುವುದು ಮದರಾಸಿನ ಹಳೆಯ ವೀಕ್ಷಣಾಲಯದಲ್ಲಿ. ಆಗ ಬಳ್ಳಾರಿ ಜಿಲ್ಲೆಯೂ ಮದರಾಸಿಗೇ ಸೇರಿತ್ತು, ಅಂದರೆ ನಮ್ಮ ಹಿರಿಯರ ಕಾಲದ ಸರ್ಕಾರ ಆಕಾಶ ಅಳೆಸುತ್ತಿದ್ದುದು ಅಲ್ಲೇ. ಅಲ್ಲಿನ ಖಗೋಳ ವಿಜ್ಞಾನಿ ಟೇಲರ್ 1844ರಲ್ಲಿ 11,015 ನಕ್ಷತ್ರಗಳ ಪಟ್ಟಿ ಹೊರಡಿಸಿದರು. ಹೊಳೆಯಾಚೆಯ ಕೊಪ್ಪಳ, ರಾಯಚೂರು ಸೀಮೆ ಆಗ ನಿಜಾಮರದು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ಗಾಜಿನ ಫಲಕಗಳ ಮೇಲೆ ಆಕಾಶದ ಚಿತ್ರ ಹಿಡಿಯುವ ಅಂತಾರಾಷ್ಟ್ರೀಯ ಕೆಲಸದಲ್ಲಿ ಪಾಲು ತೆಗೆದುಕೊಂಡಿತ್ತು. ಆಕಾಶದ ಸಮಭಾಜಕದಿಂದ ದಕ್ಷಿಣಕ್ಕೆ 17ರಿಂದ 23 ಡಿಗ್ರಿವರೆಗಿನ ಪಟ್ಟೆ ಅವರ ಪಾಲಿಗೆ ಬಂದದ್ದು. ಆ ಹಳೆಯ ಫಲಕಗಳು ಕಸವಾಗಲಿಲ್ಲ. ಗಯಾಗಿಂತ ಮುಂಚೆ ಹಾರಿದ ಹಿಪಾರ್ಕಸ್ ನೌಕೆಯ ಅಳತೆಗೆ ಅವನ್ನು ಜೋಡಿಸಿ, 2000ದಲ್ಲಿ 25 ಲಕ್ಷ ನಕ್ಷತ್ರಗಳ ಪಯಣ ಲೆಕ್ಕ ಹಾಕಿದರು. ಮೊಮ್ಮಕ್ಕಳ ಕಾಲದ ಲೆಕ್ಕಕ್ಕೆ ಅಜ್ಜಂದಿರ ಅಂಕಿ ಬೇಕಾಯಿತು. ನಕ್ಷತ್ರದ ನಡಿಗೆ ಅಷ್ಟು ನಿಧಾನ.

ಈಗ ನಮ್ಮ ಮೂಲಾ. ಒಂದು ತಮಾಷೆ, ಶೌಲಾದಂಥ ಪ್ರಖರ ನಕ್ಷತ್ರ ಗಯಾದ ಕಣ್ಣು ಕೋರೈಸುತ್ತದೆ, ಹಾಗಾಗಿ ಅದರ ಅಳತೆಗೆ ಇವತ್ತಿಗೂ ಹಿಪಾರ್ಕಸ್ಸೇ ಗತಿ. ಅದರ ಪ್ರಕಾರ ಶೌಲಾ ಸಾವಿರ ವರ್ಷದಲ್ಲಿ ಸರಿಯುವುದು ಚಂದ್ರನ ಅಗಲದ ಅರವತ್ತನೇ ಒಂದು ಪಾಲು. ಬಾಲದ ಬುಡದಲ್ಲಿರುವ ಆ 65 ಜ್ಯೋತಿರ್ವರ್ಷದ ನಕ್ಷತ್ರ ಹತ್ತಿರದ್ದು, ಚುರುಕು. ಅದು ಸಾವಿರ ವರ್ಷಕ್ಕೆ ಚಂದ್ರನ ಅಗಲದ ಮೂರನೇ ಒಂದು ಪಾಲು ಸರಿಯುತ್ತದೆ. ಮಗಳ ಮದುವೆ ಅಷ್ಟು ದಿನ ಕಾಯುತ್ತದೆಯೇ?

ಹಗರಿಬೊಮ್ಮನಹಳ್ಳಿಯ ರೈತರೊಬ್ಬರು ರೋಹಿಣಿ ಮಳೆ ಕೈಕೊಡುವುದಕ್ಕೂ ನಕ್ಷತ್ರ ಸರಿಯುವುದೇ ಕಾರಣವೋ ಎಂದು ಕೇಳಿದ್ದಾರೆ. ಅಲ್ಲ. ಪಂಚಾಂಗದ ಮಳೆ ನಕ್ಷತ್ರಗಳ ತಾರೀಖು ಸುಮಾರು ಎಪ್ಪತ್ತು ವರ್ಷಕ್ಕೆ ಒಂದು ದಿನ ಮುಂದಕ್ಕೆ ಹೋಗುತ್ತದೆ, ಅದು ಭೂಮಿಯ ಅಕ್ಷ ವಾಲಾಡುವುದರಿಂದ. ನಿಮ್ಮ ಹೊಲದಲ್ಲಿ ಮಳೆ ಹದಿನೈದು ದಿನ ತಡವಾದರೆ ಮೋಡವನ್ನು, ಮುಂಗಾರನ್ನು ಕೇಳಬೇಕು.

ಸಮಯ ಮುಗಿಯುತ್ತ ಬಂತು, ಉಳಿದದ್ದನ್ನು ಓಡಿಸಿಬಿಡುತ್ತೇನೆ. ಗಯಾ ಈಗ ಇಲ್ಲ. ತಿರುಗಲು ಬೇಕಾದ ಅನಿಲ ಮುಗಿಯುತ್ತ ಬಂದು 2025ರ ಜನವರಿ 15ಕ್ಕೆ ಅಳತೆ ನಿಲ್ಲಿಸಿತು, ಮಾರ್ಚ್ 27ಕ್ಕೆ ಅದನ್ನು ಆರಿಸಿದರು. ಅದು ನಮ್ಮ ತಲೆ ಮೇಲೆ ಬೀಳುವುದಿಲ್ಲ. ಅಂಕಿ ಸೋಸುವ ಕೆಲಸ ಇನ್ನೂ ನಡೆದಿದೆ, ಮುಂದಿನ ಪಟ್ಟಿ 2026ರ ಡಿಸೆಂಬರಿಗೆ ನಿಗದಿಯಾಗಿದೆ. ಮೂಲಾ ನೋಡಬೇಕೆನ್ನುವವರು ಕೊಟ್ಟೂರು ತೇರಿನ ರಾತ್ರಿ ಅಲ್ಲೇ ಉಳಿಯಿರಿ. ತೇರು ಎಳೆಯುವ ಸಂಜೆ ಚಂದ್ರ ಇನ್ನೂ ಹುಟ್ಟಿರುವುದಿಲ್ಲ. ನಸುಕಿನ ಐದರ ಹೊತ್ತಿಗೆ ಆಗ್ನೇಯಕ್ಕೆ ನೋಡಿದರೆ ಚಂದ್ರನ ಕೆಳಗೆ ಚೇಳಿನ ಬಾಲ ಕಾಣುತ್ತದೆ. ಮೋಡದ ಕಾಟವಿಲ್ಲದಿದ್ದರೆ ಜುಲೈನಲ್ಲಿ ರಾತ್ರಿ ಒಂಬತ್ತು, ಹತ್ತಕ್ಕೆ ದಕ್ಷಿಣದಲ್ಲೂ ಸಿಗುತ್ತದೆ.

ಇನ್ನೊಂದು. ನಕ್ಷತ್ರಕ್ಕೆ ಮಗುವಿನ ಹೆಸರಿಡಿಸುತ್ತೇವೆ ಎಂದು ದುಡ್ಡು ತೆಗೆದುಕೊಂಡು ಪ್ರಮಾಣಪತ್ರ ಕಳಿಸುವವರಿದ್ದಾರೆ. ಆ ಕಾಗದಕ್ಕೆ ಯಾವ ಬೆಲೆಯೂ ಇಲ್ಲ. ನಕ್ಷತ್ರಕ್ಕೆ ಹೆಸರು ಒಪ್ಪುವುದು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ, ಅದು ಹೆಸರು ಮಾರುವುದಿಲ್ಲ. ಅಷ್ಟು ದುಡ್ಡಿಗೆ ಮಗುವಿಗೊಂದು ದುರ್ಬೀನು ಬರುತ್ತದೆ.